‘ಒನ್ ಸೆಕ್’ ಅಂದ್ರೆ ಇಂಗ್ಲಿಷ್ ಕೆಟ್ಟುಹೋಗಲ್ಲ

ಎಲ್ಲರಿಗೂ ನಮಸ್ಕಾರ. ಸ್ಪೋಕನ್ ಇಂಗ್ಲಿಷ್ ಹೇಳಿಕೊಡೋರ ಬಾಯಲ್ಲಿ ಒಂದು ಮಾತು ಪದೇಪದೇ ಬರುತ್ತೆ: ‘ಸೆಕ್, ಮಿನ್, ಟುಮಾಸ್ ಅಂತೆಲ್ಲ ಅನ್ಬೇಡಿ, ಅದು ಸೋಮಾರಿಗಳ ಇಂಗ್ಲಿಷು. ಸೆಕೆಂಡ್, ಮಿನಿಟ್, ಟುಮಾರೋ ಅಂತ ಪೂರ್ತಿ ಹೇಳಿ.’ ನಾನು ಇದನ್ನ ಒಪ್ಪಲ್ಲ. ಈ ಉಪದೇಶದಿಂದ ನಮ್ಮ ಹುಡುಗ ಹುಡುಗಿಯರಿಗೆ, ಅದರಲ್ಲೂ ಕನ್ನಡ ಮೀಡಿಯಂನಲ್ಲಿ ಓದಿ ಕೆಲಸಕ್ಕೆ ಸೇರಿದೋರಿಗೆ, ನಿಜವಾಗ್ಲೂ ನಷ್ಟ ಆಗ್ತಿದೆ.

ಪ್ರೈಮರಿ ಸ್ಕೂಲಿನ ಪುಸ್ತಕದಲ್ಲೇ ಇರೋ ‘ಓ ಕ್ಲಾಕ್’ ನೋಡಿ. ‘ಆಫ್ ದ ಕ್ಲಾಕ್’ ಅನ್ನೋದು ನಾಲಿಗೆ ಮೇಲೆ ಸವೆದು ಸವೆದು ಉಳಿದದ್ದು ಅದು. ‘ಹದಿನಾಲ್ಕು ರಾತ್ರಿ’ ಅನ್ನೋ ಹಳೇ ಇಂಗ್ಲಿಷ್ ಮಾತು ಕುಗ್ಗಿ ‘ಫಾರ್ಟ್‌ನೈಟ್’ ಆಯ್ತು. ಎ.ಎಂ., ಪಿ.ಎಂ. ಎರಡೂ ಲ್ಯಾಟಿನ್‌ನ ಮೊಟಕು ರೂಪಗಳೇ. ಇವಕ್ಕೆಲ್ಲ ಮಾರ್ಕ್ಸ್ ಕೊಡ್ತೀವಿ, ‘ಸೆಕ್’ ಅಂದ್ರೆ ಮಾತ್ರ ಕೆಂಪು ಇಂಕು. ಇದ್ಯಾವ ನ್ಯಾಯ?

ಮೊಬೈಲ್ ಬಂದು ಭಾಷೆ ಹಾಳಾಯ್ತು ಅನ್ನೋರೂ ಇದಾರೆ. 160 ಅಕ್ಷರದ ಎಸ್ಸೆಮ್ಮೆಸ್ ಕಾಲದಲ್ಲಿ ಟುಮಾರೋ ಬರೆಯೋಕೆ 2 ಅಂಕಿ ಹಾಕ್ತಿದ್ವಿ, ನಿಜ. ಆದ್ರೆ ಮೊಟಕು ಮಾಡೋ ಅಭ್ಯಾಸ ಅದಕ್ಕಿಂತ ಎಷ್ಟೋ ಹಳೇದು. 1914ರಲ್ಲಿ, ಮೊದಲನೇ ಮಹಾಯುದ್ಧ ಶುರುವಾದಾಗ, ಸೈನಿಕರಿಗೆ ಹೊಗೆಸೊಪ್ಪು ಕಳಿಸೋ ಒಂದು ನಿಧಿಗಾಗಿ ಬರ್ಟ್ ಥಾಮಸ್ ಅನ್ನೋ ವ್ಯಂಗ್ಯಚಿತ್ರಕಾರ ಒಂದು ಚಿತ್ರ ಬರೆದ್ರು. ಬ್ರಿಟಿಷ್ ಸಿಪಾಯಿ ನಗ್ತಾ ಪೈಪ್ ಹಚ್ಕೊಳ್ತಿದಾನೆ, ಕೆಳಗೆ ‘ಆಫ್ ಎ ಮೋ, ಕೈಸರ್’ ಅಂತ ಇದೆ. ಕೈಸರ್ ಅಂದ್ರೆ ಜರ್ಮನಿಯ ಚಕ್ರವರ್ತಿ, ‘ಮೋ’ ಅಂದ್ರೆ ಮೊಮೆಂಟ್. ‘ಹಾಫ್’ನ ಹಕಾರಾನೂ ಮಾಯ. ಇಡೀ ದೇಶಕ್ಕೆ ಅದು ಅರ್ಥ ಆಯ್ತು.

ನಮ್ಮಲ್ಲೂ ಇದೇ ನಡೆದಿದೆ. ‘ಈ ಹೊತ್ತು’ ಅನ್ನೋದೇ ‘ಇವತ್ತು’ ಆಗಿದ್ದು, ‘ಆ ಹೊತ್ತು’ ‘ಅವತ್ತು’ ಆಗಿದ್ದು. ಇವತ್ತು ಅಂದೋರನ್ನ ಸೋಮಾರಿ ಅಂತ ಯಾರಾದ್ರೂ ಬೈದಿದ್ದುಂಟಾ?

ಇನ್ನು ನನಗೆ ತುಂಬಾ ಮುಖ್ಯ ಅನ್ಸೋ ವಿಷಯ. ‘ಗಿವ್ ಮಿ ಎ ಸೆಕ್’ ಅಂದಾಗ ಯಾರೂ ಗಡಿಯಾರ ನೋಡಲ್ಲ. ‘ನಿನ್ನನ್ನ ಮರೆತಿಲ್ಲ, ಸ್ವಲ್ಪ ತಾಳು’ ಅನ್ನೋ ಸಲಿಗೆ ಅದರಲ್ಲಿದೆ. ನಾವು ಒಳಗಿಂದ ‘ಬಂದೆ, ಬಂದೆ’ ಅಂತೀವಲ್ಲ, ಇನ್ನೂ ಚಪ್ಪಲಿ ಕೂಡ ಮೆಟ್ಟಿರಲ್ಲ, ಆದ್ರೂ ಹೊರಗೆ ನಿಂತೋರಿಗೆ ಸಮಾಧಾನ ಆಗುತ್ತೆ. ಅದೇ ಜಾಗದಲ್ಲಿ, ಜೊತೆಗೆ ಕೂತು ಕೆಲಸ ಮಾಡೋರಿಗೆ ‘ಪ್ಲೀಸ್ ವೇಟ್ ಫಾರ್ ಒನ್ ಮಿನಿಟ್’ ಅಂದ್ರೆ ವ್ಯಾಕರಣ ಸರಿಯಾಗೇ ಇರುತ್ತೆ, ಆದ್ರೆ ಕೌಂಟರಿನ ಹಿಂದಿನಿಂದ ಹೇಳಿದ ಹಾಗೆ ಕೇಳಿಸುತ್ತೆ. ಕಲಿತ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಮಾತಾಡಿದ್ರೂ ಎದುರಿನವರಿಗೆ ಯಾಕೋ ಬಿಗುವು ಅನ್ಸೋದಕ್ಕೆ ಇದೂ ಒಂದು ಕಾರಣ.

ಹೇಳೋದು ಬೇಡ ಅಂತಿಟ್ಕೊಂಡ್ರೂ, ಕೇಳಿ ಅರ್ಥ ಮಾಡ್ಕೊಳ್ಳೋದನ್ನ ಬಿಡೋಕಾಗಲ್ಲ. ಸಿಡ್ನಿಯ ಕ್ಲೈಂಟ್ ‘ದಿಸ್ ಆರ್ವೋ’ ಮಾತಾಡೋಣ ಅಂತಾರೆ. ಆರ್ವೋ ಅಂದ್ರೆ ಆಫ್ಟರ್‌ನೂನ್. ಅವರ ಮಧ್ಯಾಹ್ನ ಎರಡು ಗಂಟೆ ಅಂದ್ರೆ ಬೆಂಗಳೂರಲ್ಲಿ ಬೆಳಿಗ್ಗೆ ಒಂಬತ್ತೂವರೆ, ಅವರು ಬೇಸಿಗೆಗೆ ಗಡಿಯಾರ ಮುಂದಿಟ್ಟಾಗ ಎಂಟೂವರೆ. ಪದ ಗೊತ್ತಿಲ್ಲದೆ ಸುಮ್ಮನೆ ‘ಯೆಸ್’ ಅಂದೋರು ಆಗ ಮೆಟ್ರೋದಲ್ಲಿ ನಿಂತಿರ್ತಾರೆ. ಲಂಡನ್ನಿನೋರು ‘ಹಾಫ್ ಸೆವೆನ್’ ಅಂದ್ರೆ ‘ಹಾಫ್ ಪಾಸ್ಟ್’ನಲ್ಲಿ ‘ಪಾಸ್ಟ್’ ಬಿಟ್ಟಿದಾರೆ ಅಷ್ಟೇ, ಅಂದ್ರೆ ಏಳೂವರೆ. ಜರ್ಮನ್‌ನಲ್ಲಿ ‘ಹಾಲ್ಪ್ ಝೀಬೆನ್’ ಅಂದ್ರೆ ಆರೂವರೆ! ಒಂದೇ ಟೀಮಲ್ಲಿ ಲಂಡನ್ನಿನೋರು, ಮ್ಯೂನಿಕ್ಕಿನೋರು ಇಬ್ರೂ ಇದ್ರೆ ಕೇಳಿ ಖಾತ್ರಿ ಮಾಡ್ಕೊಳ್ಳಿ. ಕೇಳೋದ್ರಲ್ಲಿ ಅವಮಾನ ಏನಿಲ್ಲ.

ಹಾಗಂತ ಎಲ್ಲ ಕಡೆ ಮೊಟಕು ಮಾಡಿ ಅಂತಲ್ಲ. ಕೆಲಸದ ಗಡುವು ಬರೀವಾಗ ‘ಇಒಡಿ’ (ಎಂಡ್ ಆಫ್ ಡೇ) ಅಂತ ಹಾಕೋದು ನನಗೆ ಸ್ವಲ್ಪಾನೂ ಇಷ್ಟ ಇಲ್ಲ. ದಿನದ ಕೊನೆ ಅಂದ್ರೆ ಯಾರ ದಿನ? ಐದು ಗಂಟೆನಾ, ನಡುರಾತ್ರಿನಾ? ಎಷ್ಟೋ ಜನ ಫ್ರೆಶರ್‌ಗಳು ಈ ಮೂರಕ್ಷರದ ಭಯಕ್ಕೆ ರಾತ್ರಿ ಹನ್ನೊಂದರವರೆಗೆ ಕೂತಿರ್ತಾರೆ, ಕಳಿಸಿದೋರು ಬೆಳಿಗ್ಗೆ ನೋಡಿದ್ರಾಯ್ತು ಅಂತ ಮಲಗಿರ್ತಾರೆ. ಭಾರತೀಯ ಸಮಯ ಅನ್ನೋದಕ್ಕೆ ‘ಐಎಸ್‌ಟಿ’ ಅಂತ ಹಾಕಿದ್ರೂ ಸಾಲಲ್ಲ, ಐರ್ಲೆಂಡಿನೋರೂ ಇಸ್ರೇಲಿನೋರೂ ತಮ್ಮ ಸಮಯಕ್ಕೆ ಅದೇ ಅಕ್ಷರಗಳನ್ನ ಬಳಸ್ತಾರೆ. ‘ಗುರುವಾರ ಸಂಜೆ 6, ಬೆಂಗಳೂರು ಸಮಯ’ ಅಂತ ಬರೀರಿ.

ಇಂಗ್ಲಿಷ್ ಕಲಿಸೋ ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಟೆನ್ಸ್ ಮುಗಿದ ಮೇಲೆ ಒಂದೇ ಒಂದು ಪೀರಿಯಡ್ ಈ ಪದಗಳಿಗೆ ಕೊಡಿ. ಆಸ್ಟ್ರೇಲಿಯಾದ್ದೊಂದು, ಇಂಗ್ಲೆಂಡಿನದ್ದೊಂದು ಮಾತುಕತೆ ಕ್ಲಾಸಲ್ಲಿ ಕೇಳಿಸಿ, ‘ಈಗ ಹೇಳಿ, ಇವರು ಭೇಟಿ ಆಗೋದು ಎಷ್ಟು ಗಂಟೆಗೆ?’ ಅಂತ ಮಕ್ಕಳನ್ನೇ ಕೇಳಿ.