ಮದ್ದು ನಾಟುವವರೆಗಿನ ವಾರಗಳು

ಕೇಳುಗರೇ, ನಮಸ್ಕಾರ.

ಮೂತ್ರದ ಸೋಂಕಾದರೆ ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡಬಹುದು. ಖಿನ್ನತೆಗೆ ಅಂಥ ಪರೀಕ್ಷೆ ಇನ್ನೂ ಬಂದಿಲ್ಲ. ಮೊದಲ ಮಾತ್ರೆ ನಾಟದಿದ್ದಾಗ ಎಷ್ಟೋ ಮಂದಿ, ‘ನಾನೇ ಸರಿಯಿಲ್ಲ, ನನಗೆ ಯಾವುದೂ ಹಿಡಿಯುವುದಿಲ್ಲ’ ಎಂದು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ನನ್ನನ್ನು ಕಾಡುವುದು ಇದೇ.

ಅಮೆರಿಕದಲ್ಲಿ ಖಿನ್ನತೆಯ ಸುಮಾರು 4,000 ರೋಗಿಗಳನ್ನು ಒಳಗೊಂಡ ಸ್ಟಾರ್-ಡಿ ಎಂಬ ಅಧ್ಯಯನದ ಮುಖ್ಯ ಫಲಿತಾಂಶಗಳು 2006ರಲ್ಲಿ ಪ್ರಕಟವಾದವು. ಎಲ್ಲರಿಗೂ ಮೊದಲು ಕೊಟ್ಟದ್ದು ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ. ಅದೊಂದರಿಂದಲೇ ಲಕ್ಷಣಗಳು ಪೂರ್ತಿ ಇಳಿದದ್ದು ಹೆಚ್ಚೆಂದರೆ ಮೂವರಲ್ಲಿ ಒಬ್ಬರಿಗೆ. ಔಷಧ ಬದಲಿಸಿದಾಗ, ಇನ್ನೊಂದನ್ನು ಜೊತೆಗೂಡಿಸಿದಾಗ ಮತ್ತಷ್ಟು ಮಂದಿ ಚೇತರಿಸಿಕೊಂಡರು. ಅಂದರೆ ಮೊದಲ ಮದ್ದು ಸೋಲುವುದು ಅಪರೂಪವೇನಲ್ಲ.

ಯಾರಿಗೆ ಯಾವ ಚಿಕಿತ್ಸೆ ಒಗ್ಗುತ್ತದೆಂದು ಮುಂದಾಗಿ ತಿಳಿಯುವ ಪ್ರಯತ್ನಗಳು ನಡೆದೇ ಇವೆ. 2013ರಲ್ಲಿ ಅಮೆರಿಕದ ನರವಿಜ್ಞಾನಿ ಹೆಲೆನ್ ಮೇಬರ್ಗ್ ಅವರ ತಂಡ ಮಿದುಳಿನ ಇನ್ಸುಲಾ ಎಂಬ ಭಾಗವನ್ನು ಸ್ಕ್ಯಾನ್ ಮಾಡಿ ನೋಡಿತು. ಅಲ್ಲಿ ಚಟುವಟಿಕೆ ಕಡಿಮೆ ಇದ್ದವರಿಗೆ ಮಾತಿನ ಚಿಕಿತ್ಸೆ, ಹೆಚ್ಚಿದ್ದವರಿಗೆ ಮಾತ್ರೆ ಒಗ್ಗುವ ಸೂಚನೆ ಕಂಡಿತು. ಆದರೆ ಅಲ್ಲಿದ್ದವರು ಕೆಲವೇ ಡಜನ್ ರೋಗಿಗಳು. ವಂಶವಾಹಿ ಪರೀಕ್ಷೆಯ ಜಾಹೀರಾತುಗಳನ್ನೂ ನೀವು ನೋಡಿರಬಹುದು. ಯಕೃತ್ತು ಔಷಧವನ್ನು ಬೇಗ ಕರಗಿಸುತ್ತದೆಯೋ ನಿಧಾನವಾಗಿಯೋ ಎಂಬುದನ್ನು ಅದು ಹೇಳಬಲ್ಲದು, ಪ್ರಮಾಣ ನಿರ್ಧರಿಸಲು ನೆರವಾಗಬಲ್ಲದು. ಮನಸ್ಸು ಹಗುರಾಗುವುದೇ ಎಂದು ಹೇಳಲಾರದು.

ಹಾಗಾಗಿ ಒಳ್ಳೆಯ ವೈದ್ಯರು ಇಂದಿಗೂ ಪ್ರಶ್ನೆಗಳಿಂದಲೇ ಶುರುಮಾಡುತ್ತಾರೆ. ಹಿಂದೆ ಯಾವುದು ಗುಣ ಕೊಟ್ಟಿತ್ತು? ರಕ್ತಸಂಬಂಧಿಗಳಿಗೆ ಯಾವುದು ಒಗ್ಗಿತು? ನಿದ್ದೆ, ಹಸಿವು ಹೇಗಿವೆ? ನಿದ್ದೆಯೂ ಹಸಿವೂ ಹೋಗಿದ್ದರೆ ಅವೆರಡನ್ನೂ ಮರಳಿಸುವ ಮಿರ್ಟಾಜಪಿನ್‌ನತ್ತ ಯೋಚಿಸಬಹುದು. ಇನ್ನೊಂದು ಪ್ರಶ್ನೆಯಂತೂ ತಪ್ಪಲೇಬಾರದು: ಹಲವು ದಿನ ನಿದ್ದೆಯೇ ಬೇಡವೆನಿಸಿ ಉತ್ಸಾಹ ಉಕ್ಕಿ ಹರಿದ ಕಾಲ ಎಂದಾದರೂ ಇತ್ತೇ? ಇದ್ದರೆ ಅದು ಅತಿಯಾದ ಉತ್ಸಾಹವೂ ಖಿನ್ನತೆಯೂ ಬೇರೆ ಬೇರೆ ಕಾಲದಲ್ಲಿ ಬರುವ ಬೈಪೋಲಾರ್ ಕಾಯಿಲೆಯಿರಬಹುದು. ಆಗ ಚಿಕಿತ್ಸೆಯ ದಾರಿಯೇ ಬೇರೆ.

ಮಾತ್ರೆಯ ಪೂರ್ಣ ಫಲಕ್ಕೆ ನಾಲ್ಕರಿಂದ ಎಂಟು ವಾರ ಬೇಕು. ಆದರೆ ಮೊದಲ ಎರಡು ವಾರಗಳಲ್ಲೇ ಸುಳಿವು ಸಿಗುವುದುಂಟು. ನಸುಕಿನ ನಾಲ್ಕಕ್ಕೆ ಎಚ್ಚರವಾಗುತ್ತಿದ್ದವರು ಐದೂವರೆಯವರೆಗೆ ಮಲಗಿದರು, ಕೈಯಲ್ಲಿ ಹಿಡಿದೇ ಕೂರುತ್ತಿದ್ದ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ಮುಗಿಸಿದರು. ಇಂಥ ಬದಲಾವಣೆ ರೋಗಿಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ. ದಿನಾಂಕ ಹಾಕಿ ಬರೆದಿಡಿ. ಏನೂ ಬದಲಾಗದಿದ್ದರೆ ಅದನ್ನೂ ಬರೆಯಿರಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯದೆ ಅಂದೇ ವೈದ್ಯರನ್ನು ಕಾಣಿ. ಉಳಿದಂತೆ, ಎರಡನೆಯ ಭೇಟಿಗೆ ಹೋಗುವಾಗ ಆ ಹಾಳೆ ನಿಮ್ಮ ಕೈಯಲ್ಲಿರಲಿ. ಮುಂದಿನ ಮದ್ದನ್ನು ಆರಿಸಲು ವೈದ್ಯರು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.