ಅಂಜಿಕೆ ಮೊದಲು, ಸುದ್ದಿ ಆಮೇಲೆ

ಕೇಳುಗರಿಗೆ ನಮಸ್ಕಾರ.

ಗಾಳಿಸುದ್ದಿ ಜನರನ್ನು ಹೆದರಿಸುತ್ತದೆ ಅನ್ನುತ್ತೇವೆ. ನಡೆಯುವುದು ತಿರುಗುಮುರುಗು. ಅಂಜಿಕೆ ಮೊದಲೇ ಬಂದು ಕೂತಿರುತ್ತದೆ, ಸುದ್ದಿ ಆಮೇಲೆ ಬರುತ್ತದೆ. ಇವತ್ತು ಇದೊಂದು ಮಾತು ನೆನಪಿಟ್ಟುಕೊಳ್ಳಿ, ಸಾಕು.

1934ರ ಜನವರಿ 15. ಬಿಹಾರ, ನೇಪಾಳಗಳಲ್ಲಿ ಭಾರೀ ಭೂಕಂಪ. 10,000ಕ್ಕೂ ಹೆಚ್ಚು ಜನ ಸತ್ತರು. ನಡುಕ ಮಾತ್ರ ಬಹಳ ದೂರ ಹಬ್ಬಿತ್ತು. ಎಷ್ಟೋ ಕಡೆ ನೆಲ ಅದುರಿತೇ ಹೊರತು ಮನೆ ಬೀಳಲಿಲ್ಲ. ಅಂಥ ಕಡೆ ಆಗ ಹರಡಿದ ಸುದ್ದಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಕಲೆಹಾಕಿದರು. ಗಂಗೆಯ ನೀರೇ ಮಾಯವಾಗಿ, ಸ್ನಾನಕ್ಕಿಳಿದವರು ಮರಳಲ್ಲಿ ಹೂತುಹೋದರಂತೆ. 18, 19ಕ್ಕೆ ಪಾಟ್ನಾಗೆ ಚಂಡಮಾರುತ ಬರುತ್ತದಂತೆ. 23 ಕೆಟ್ಟ ದಿನವಂತೆ. ಚಂದ್ರಗ್ರಹಣದ ದಿನ ಭೂಮಿ ಮತ್ತೆ ನಡುಗುತ್ತದಂತೆ.

ಹೆದರಿದವರು ಇನ್ನಷ್ಟು ಹೆದರಿಸುವ ಮಾತನ್ನೇ ಯಾಕೆ ನಂಬಿದರು? ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಈ ಪ್ರಶ್ನೆಯನ್ನು ಬಿಡಲಿಲ್ಲ. ಎದೆ ಢವಢವ ಅನ್ನುತ್ತಿದೆ, ಸುತ್ತ ನೋಡಿದರೆ ಹೆದರುವಂಥದ್ದೇನೂ ಕಾಣುತ್ತಿಲ್ಲ. ಮನಸ್ಸು ಇದನ್ನು ತಾಳದು. ಅಂಜಿಕೆಗೆ ತಕ್ಕ ಕಾರಣ ಬೇಕು. ಸುದ್ದಿ ಆ ಕಾರಣ ಕೊಟ್ಟಿತು.

ಹೌದೋ ಅಲ್ಲವೋ, ಡಾರ್ಜಿಲಿಂಗ್ ನೋಡಿ. 1950ರಲ್ಲಿ ಅಲ್ಲಿ ಗುಡ್ಡ ಕುಸಿಯಿತು. ಮನಶ್ಶಾಸ್ತ್ರಜ್ಞ ದುರ್ಗಾನಂದ ಸಿನ್ಹಾ ಅಲ್ಲಿನ ಸುದ್ದಿಗಳನ್ನು ಅಧ್ಯಯನ ಮಾಡಿದರು. ಜನ ನಾಶವನ್ನು ಕಣ್ಣಾರೆ ಕಂಡಿದ್ದರು. ಮುಂದೆ ಇನ್ನೂ ದೊಡ್ಡ ಕೇಡು ಬರುತ್ತದೆಂಬ ಸುದ್ದಿ ಅಲ್ಲಿ ಏಳಲಿಲ್ಲ. ಅಂಜಿಕೆಯ ಕಾರಣ ಎದುರಿಗೇ ಇತ್ತು.

ಸಮಯ ಕಡಿಮೆಯಿದೆ, ಇನ್ನೊಂದನ್ನು ಬೇಗ ಹೇಳುತ್ತೇನೆ. 1977ರ ಅಮೆರಿಕದ ಪ್ರಯೋಗ: ಎರಡೆರಡು ವಾರ ಬಿಟ್ಟು ಮೂರು ಸಲ, ಸಲಕ್ಕೆ 60 ಹೇಳಿಕೆ ಕೇಳಿಸಿ, ಪ್ರತಿಯೊಂದೂ ಎಷ್ಟು ನಿಜ ಅನ್ನಿಸುತ್ತದೆ ಎಂದು ವಿಚಾರಿಸಿದರು. ಮೂರೂ ಸಲ ಮರಳಿ ಬಂದ 20 ಹೇಳಿಕೆಗಳ ಮೇಲೆ ನಂಬಿಕೆ ಏರಿತು, ಅವು ಸುಳ್ಳಾದರೂ. ಹಾಗಾಗಿ ಸುಳ್ಳನ್ನು ಅಲ್ಲಗಳೆಯಲು ಅದನ್ನೇ ನಾಲ್ಕು ಸಲ ಹೇಳಬೇಡಿ. ಮೊದಲು ನಿಜ, ನಡುವೆ ಒಂದೇ ಸಲ ಸುಳ್ಳು, ಕೊನೆಗೆ ಮತ್ತೆ ನಿಜ.

2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ನಂಬಿದ ಜನ ಬೆಂಗಳೂರಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರನ್ನು ಹೊಡೆದು ಕೊಂದರು. ಅಂಥ ಸಂದೇಶ ಹಿಡಿದು ಅಕ್ಕಪಕ್ಕದವರು ಬಂದರೆ "ನಿಮಗೆ ಬುದ್ಧಿ ಇಲ್ಲವೇ" ಅನ್ನಬೇಡಿ. ದಯವಿಟ್ಟು ಅನ್ನಬೇಡಿ! ಸುದ್ದಿ ಹೋದರೂ ಅಂಜಿಕೆ ಉಳಿಯುತ್ತದೆ, ನಾಳೆ ಬೇರೆ ಸುದ್ದಿ ತರುತ್ತದೆ. ಮೊದಲು ಅಂಜಿಕೆಯನ್ನು ವಿಚಾರಿಸಿ: ಮಗು ಶಾಲೆಯಿಂದ ಒಂಟಿಯಾಗಿ ಬರುತ್ತದೆಯೇ? ಹಾಗಿದ್ದರೆ ಜೊತೆಗೆ ಬರಲು ಒಬ್ಬರನ್ನು ಗೊತ್ತುಮಾಡಿ. ಎದೆ ಸ್ವಲ್ಪ ತಣ್ಣಗಾದ ಮೇಲೆ ಕೇಳಿ: ಯಾವ ಊರು, ಯಾವ ದಿನ, ಕಣ್ಣಾರೆ ಕಂಡವರು ಯಾರು? ಅನುಮಾನ ಉಳಿದರೆ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ, ಸಂದೇಶ ತಂದವರ ಎದುರಿಗೇ.