ಮೋತ್ಯಾನ ಕೂಲಿ

ನಮಸ್ಕಾರ ಕೇಳುಗರೇ.

ನಮ್ಮ ಕಲಬುರಗಿ ಕಡೆ ಖಡಕ್ ರೊಟ್ಟಿ ಅಂದರೆ ಮನೆಯ ಮರ್ಯಾದೆ. ಮುರಿದರೆ ಟಪ್ ಅನ್ನಬೇಕು. ಅದೇ ಹುಮ್ಮಸ್ಸಿನಲ್ಲಿ ನಾನು ನಮ್ಮ ನಾಯಿ ಮೋತ್ಯಾನಿಗೂ ಜೋಳದ ಹಿಟ್ಟಿನ ಖಡಕ್ ಬಿಸ್ಕಿಟ್ ಮಾಡಿದೆ. ಕುಂದ್ರು ಅಂದೆ, ಕುಂತ, ಒಂದು ಕೊಟ್ಟೆ. ಅವನು ಅದನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದ ಕೆಳಗೆ ಹೋಗಿ, ಮುಂಗಾಲುಗಳ ನಡುವೆ ಇಟ್ಟುಕೊಂಡು, ಆರಾಮಾಗಿ ಕಡಿಯುತ್ತಾ ಮಲಗಿದ. ತಿಂದು ಮುಗಿಸಿ ಹೊರಗೆ ಬರೋ ಹೊತ್ತಿಗೆ ಯಾಕೆ ಕೊಟ್ಟರು ಅನ್ನೋದೇ ಅವನಿಗೆ ಮರೆತುಹೋಗಿತ್ತು.

ಕಲಿಸುವಾಗ ಕೊಡುವ ತುಣುಕನ್ನು ಕೂಲಿ ಅಂತ ತಿಳಿಯಿರಿ. ಕೆಲಸ ಆದ ಒಂದೆರಡು ಸೆಕೆಂಡಿನಲ್ಲಿ ಬಾಯಿಗೆ ಬೀಳಬೇಕು, ಒಂದೇ ಗುಟುಕಿಗೆ ಒಳಗೆ ಹೋಗಬೇಕು, ಇನ್ನೊಂದು ಬೇಕು ಅಂತ ನಿಮ್ಮ ಮುಖ ನೋಡಬೇಕು. ಹಾಗಾಗಿ ಅದು ಮೆತ್ತಗಿರಬೇಕು, ಜೋರು ವಾಸನೆ ಇರಬೇಕು, ಕಡಲೆ ಕಾಳಿನಷ್ಟೇ ಇರಬೇಕು. ಮರಿಯಾದರೆ ತೊಗರಿ ಕಾಳಿನಷ್ಟು ಸಾಕು. ತೊಗರಿ ನಾಡಿನವರಿಗೆ ಈ ಅಳತೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ದೊಡ್ಡ ತುಂಡು ಕೊಟ್ಟರೆ ಜಾಸ್ತಿ ಖುಷಿ ಅಂತ ನಾವು ಅಂದುಕೊಳ್ಳುತ್ತೇವೆ. ನಾಯಿ ಎಷ್ಟು ಸಲ ಸಿಕ್ಕಿತು ಅಂತ ನೋಡುತ್ತದೆ, ಎಷ್ಟು ದೊಡ್ಡದು ಅಂತ ನೋಡಲ್ಲ.

ಈಗ ಮಾಡುವ ಬಗೆ. ಕಾಲು ಕೇಜಿ ಕೋಳಿ ಕಲೇಜಿ, ಅಂದರೆ ಲಿವರ್, ತನ್ನಿ. ತೊಳೆದು, ಉಪ್ಪು ಖಾರ ಏನೂ ಹಾಕದೆ, ಒಳಗಿನ ಕೆಂಪು ಹೋಗುವ ತನಕ ನೀರಲ್ಲಿ ಕುದಿಸಿ. ಆರಿದ ಮೇಲೆ ಮಿಕ್ಸಿಗೆ ಹಾಕಿ. ಅದಕ್ಕೆ ಒಂದು ತತ್ತಿ, ಒಂದು ಬಟ್ಟಲು ಜೋಳದ ಹಿಟ್ಟು, ಬೇಕಾದರೆ ಬೇಯಿಸಿದ ಗೆಣಸು ಸ್ವಲ್ಪ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಲಿ. ಎಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿ ಬೆರಳು ದಪ್ಪ ಹರಡಿ, ಕುಕ್ಕರಿನಲ್ಲಿ ಸೀಟಿ ಇಡದೆ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಚಾಕು ಚುಚ್ಚಿದರೆ ಒಣಗಿ ಬರಬೇಕು. ಓವನ್ ಬೇಕಾಗಿಲ್ಲ, ನಮ್ಮಲ್ಲಿ ಎಷ್ಟು ಮನೆಯಲ್ಲಿದೆ ಹೇಳಿ. ತಣ್ಣಗಾದ ಮೇಲೆ ಉದ್ದ ಅಡ್ಡ ಕೊಯ್ದರೆ ಇನ್ನೂರು ಮುನ್ನೂರು ತುಣುಕು ಸುಮ್ನೆ ಆಗುತ್ತವೆ.

ಕಲೇಜಿ ಮನೆಯೊಳಗೆ ಬರಬಾರದು ಅನ್ನುವವರು ಬಹಳ ಮಂದಿ ಇದ್ದಾರೆ. ನಮ್ಮವ್ವನೂ ಅದೇ ಗುಂಪು, ಕಲೇಜಿಯ ಕುಕ್ಕರ್ ನಮ್ಮಲ್ಲಿ ಇವತ್ತಿಗೂ ಮಾಳಿಗೆ ಮೇಲೆಯೇ. ಅಂಥವರು ಶೇಂಗಾ ಹುರಿದು, ಸಿಪ್ಪೆ ತೆಗೆದು, ಎಣ್ಣೆ ಬಿಡುವ ತನಕ ರುಬ್ಬಿ, ಜೋಳದ ಹಿಟ್ಟು, ಬೇಯಿಸಿದ ಕುಂಬಳಕಾಯಿ ಜೊತೆ ಕಲಸಿ ಹೀಗೇ ಬೇಯಿಸಬಹುದು. ಶೇಂಗಾ ಹಿಂಡಿ, ಅಂದರೆ ಚಟ್ನಿ ಪುಡಿ, ಮಾತ್ರ ಹಾಕಬೇಡಿ, ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಅಂಗಡಿಯ ಪೀನಟ್ ಬಟರ್ ತರುವುದಾದರೆ ಡಬ್ಬಿಯ ಹಿಂದೆ ಕ್ಸೈಲಿಟಾಲ್ ಅಂತ ಬರೆದಿದೆಯಾ ನೋಡಿ. ಸಕ್ಕರೆ ಬದಲು ಹಾಕುವ ಆ ಸಿಹಿ ನಮಗೆ ವಿಷವಲ್ಲ, ನಾಯಿಗೆ ಮಾತ್ರ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಜೀವಕ್ಕೇ ಕುತ್ತು ಬರಬಹುದು.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೆಂದಿರಲಿ, ಪುಡಿಯಾಗಿರಲಿ, ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಅಂದಮೇಲೆ ನಿನ್ನೆಯ ಮಟನ್ ಸಾರಿನ ತುಂಡು ತೊಳೆದು ಕೊಡುವ ಲೆಕ್ಕ ಬಿಡಿ. ಬೇಯಿಸಿದ ಎಲುಬೂ ಬೇಡ, ಚೂಪಾಗಿ ಸೀಳುತ್ತದೆ. ಪಕ್ಕದ ವಿಜಯಪುರದಿಂದ ಬರುವ ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು. ಚಾಕೊಲೇಟ್ ಅಂತೂ ಮಕ್ಕಳ ಕೈಯಿಂದಲೂ ಹೋಗಬಾರದು.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರಿದು, ಶಂಡಿಗೆ ಹಪ್ಪಳದ ಪಕ್ಕ ಕೋಳಿ ಮಾಂಸದ ಪಟ್ಟಿಗಳನ್ನೂ ಒಣಗಿಸಿದರಾಯಿತು ಅಂತ ನನಗೂ ಅನಿಸಿತ್ತು. ತಪ್ಪು ಲೆಕ್ಕ. ಕೋಳಿ ಮಾಂಸದಲ್ಲಿರುವ ಕ್ರಿಮಿ ಸಾಯಲು ಒಳಗಿನ ತನಕ 74 ಡಿಗ್ರಿ ಕಾವು ತಾಗಬೇಕು. ನಮ್ಮ ಬಿಸಿಲು ನಮ್ಮನ್ನು ಸುಡುತ್ತದೆ, ಕ್ರಿಮಿಗೆ ಅದು ಬೆಚ್ಚನೆಯ ಹಾಸಿಗೆ. ಬೇಯಿಸಿದ ತುಣುಕೇ ಒಳ್ಳೆಯದು. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ, ಉಳಿದದ್ದು ಸಣ್ಣ ಪೊಟ್ಟಣ ಕಟ್ಟಿ ಫ್ರೀಜರಿಗೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಪೂರ್ತಿ ಕರಗಿ, ಬೆಚ್ಚಗಾಗಿದ್ದರೆ ಎಸೆದುಬಿಡಿ.

ಲೆಕ್ಕವೂ ಇರಲಿ. ತುಣುಕುಗಳೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರಬಾರದು, ಜಾಸ್ತಿ ಕೊಟ್ಟ ದಿನ ರಾತ್ರಿಯ ರೊಟ್ಟಿ ಹಾಲು ಕಡಿಮೆ ಮಾಡಿ. ಕಲೇಜಿ ದಿನಾಲೂ ಬೇಡ, ವಾರಕ್ಕೆ ಎರಡು ದಿನ ಸಾಕು, ಅದರಲ್ಲಿ ವಿಟಮಿನ್ ಎ ಬಹಳ. ಉಳಿದ ದಿನ ಗಜ್ಜರಿ, ಸವತೆಕಾಯಿ ಚೂರು.

ಕಲಿಸುವುದು ಹೇಗೆ? ತುಣುಕನ್ನು ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆಯ ಮೇಲಿಂದ ಹಿಂದಕ್ಕೆ ತನ್ನಿ. ಮೂತಿ ಮೇಲೇರಿದಂತೆ ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ಇಳಿದ ಕ್ಷಣ ಕೂಲಿ. ಐದು ನಿಮಿಷ, ಅಷ್ಟೇ, ಅದೂ ಬೆಳಿಗ್ಗೆ ಬೇಗ ಇಲ್ಲವೇ ಹೊತ್ತು ಮುಳುಗಿದ ಮೇಲೆ, ಯಾಕಂದರೆ ಕಾದ ಡಾಂಬರು ಪಾದ ಸುಡುತ್ತದೆ. ನಮ್ಮ ಮನೆಯಲ್ಲಿ ಇನ್ನೊಂದು ತೊಡಕಿತ್ತು. ಅಪ್ಪ ಬೈಠ್ ಅನ್ನುತ್ತಿದ್ದರು, ತಮ್ಮ ಸಿಟ್ ಅನ್ನುತ್ತಿದ್ದ, ಅವ್ವ ಕುಂದ್ರು. ಮೋತ್ಯಾ ಮೂವರ ಮುಖವನ್ನೂ ನೋಡಿ ನಿಂತೇ ಇರುತ್ತಿದ್ದ. ಕಡೆಗೆ ಎಲ್ಲರೂ ಕುಂದ್ರು ಅಂತ ಒಪ್ಪಿಕೊಂಡೆವು, ಎರಡೇ ದಿನದಲ್ಲಿ ಕಲಿತ. ಚೆನ್ನಾಗಿ ಕಲಿತ ಮೇಲೆ ಪ್ರತಿ ಸಲ ಕೊಡಬೇಡಿ. ಈ ಸಲ ಸಿಗುತ್ತೋ ಇಲ್ಲವೋ ಅನ್ನುವ ಆಸೆಯಲ್ಲೇ ನಾಯಿ ಮಾತು ಕೇಳುತ್ತದೆ.

ಮೋತ್ಯಾ ಈಗ ಡಬ್ಬಿಯ ಮುಚ್ಚಳ ಸಪ್ಪಳ ಮಾಡಿದರೆ ಸಾಕು, ಜೊಲ್ಲು ಸುರಿಸುತ್ತಾ ಬಂದು ಕೂರುತ್ತಾನೆ. ರಷ್ಯಾದ ಪಾವ್ಲೋವ್ ಇದನ್ನೇ ತಮ್ಮ ಪ್ರಯೋಗಾಲಯದ ನಾಯಿಗಳಲ್ಲಿ ಕಂಡು ಜಗತ್ತಿಗೆ ಹೇಳಿದರು. ಮನೆಯಲ್ಲಿ, ಓಣಿಯಲ್ಲಿ, ಗೇಟಿನ ಮುಂದೆ ಎಲ್ಲ ಕಡೆ ಕೇಳುತ್ತಾನೆ. ಸಂಜೆ ನಮ್ಮೂರಿನ ಅಪ್ಪನ ಕೆರೆ ಕಡೆ ಹೋದಾಗ ಮಿರ್ಚಿ ಭಜಿ ಬಂಡಿಯ ಮುಂದೆ ಮಾತ್ರ ಇಲ್ಲ. ಅಲ್ಲಿ ಕಲೇಜಿಯೂ ಸೋತಿದೆ. ಸದ್ಯಕ್ಕೆ ನಾವಿಬ್ಬರೂ ಆ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಹೋಗುತ್ತಿದ್ದೇವೆ.